ಬಿದ್ದದ್ದನ್ನು ನೋಡಬೇಡಿ

ಚಂಡಮಾರುತ ಜಿಮ್ಮಿನ ಸೂರು ಹೊತ್ತೊಯ್ದ ಮೇಲೆ
ಯೀಗೊ ಊರಿನ ಮುಚ್ಚಿದ ಸೂಪರ್‌ಮಾರ್ಕೆಟ್ಟಿನ ಎದುರು
ಕಾರು ನಿಲ್ಲಿಸುವ ಈ ಜಾಗವೇ ನಮ್ಮ ಕವಾಯತು ಮೈದಾನ.
ಇರುವುದು ಎರಡೇ ದೀಪ. ಒಂದು ಮಿಣುಕುತ್ತದೆ.
ಅದರ ತಾಳಕ್ಕೆ ಹೆಜ್ಜೆ ಹಾಕಬೇಡಿ.

ಮೊದಲು ಬೂಟು ಬಿಚ್ಚಿ.
ಹೌದು, ಬಿಚ್ಚಿ. ಡಾಂಬರು ಇನ್ನೂ ಬೆಚ್ಚಗಿದೆ,
ಭಾರ ಎಲ್ಲಿ ಊರುತ್ತದೆಂದು ಅಂಗಾಲೇ ಹೇಳಲಿ.
ಇಪ್ಪತ್ತೆರಡು ವರ್ಷ ತೋಪಿನ ಪಕ್ಕ ನಿಂತವನು ನಾನು,
ಈ ಮಾಂಗ್ಲೋನಾ ಸಾರ್ಜೆಂಟನ ಎಡಗಿವಿ
ಅಲ್ಲೇ ಎಲ್ಲೋ ಉಳಿದುಹೋಯಿತು.
ಸಾಲು ಕೂಡಿತೋ ಇಲ್ಲವೋ ನನಗೆ ತಿಳಿಯುವುದು ಪಾದದಿಂದ.
ಹನ್ನೊಂದು ಹಿಮ್ಮಡಿ ಒಟ್ಟಿಗೆ ಬಿದ್ದರೆ
ನೆಲ ಒಂದು ಮಾತು ಆಡುತ್ತದೆ.
ಒಬ್ಬ ತಡವಾದರೂ ತೊದಲುತ್ತದೆ.

ತಾಸಿ, ಮಂಡಿ ಬಿಗಿಯಬೇಡ.
ಮಂಡಿ ಬಿಗಿದವನು ನೋಡಲು ಬಲು ಸೊಗಸು,
ಹತ್ತು ನಿಮಿಷ.
ಆಮೇಲೆ ಕಡಿದ ಮರದಂತೆ ಬೋರಲು.
ಗವರ್ನರ್ ಎದುರಿಗೆ ಹಾಗೆ ಬಿದ್ದವನ ಹೆಸರು ಹೇಳುವುದಿಲ್ಲ.
ಅವನ ಮುರಿದ ಹಲ್ಲೇ ಈಗ ನಿಮ್ಮನ್ನು ಬೈಯುತ್ತಿರುವುದು.

ಮರಿಸೆಲ್, ನಿನ್ನ ಆಜ್ಞೆ ಗಂಟಲಿಂದ ಬರುತ್ತಿದೆ.
ಮೂರು ದಿನಕ್ಕೆ ಹರಿದುಹೋಗುವ ಬಟ್ಟೆ ಅದು.
ಹೊಟ್ಟೆಯಿಂದ ಕರೆ. ಎರಡು ಬೀದಿಯಾಚೆ ಆಡುತ್ತಿರುವ ತಮ್ಮನನ್ನು
ಊಟಕ್ಕೆ ಕರೆಯುತ್ತೀಯಲ್ಲ, ಹಾಗೆ.
ಮೊದಲ ಮಾತನ್ನು ಎಳೆ,
ಎರಡನೆಯದನ್ನು ಕತ್ತರಿಸು.
ನಡುವೆ ಒಂದು ಉಸಿರು ಬಿಡು. ಆ ಉಸಿರಿನಲ್ಲಿ
ಹನ್ನೊಂದು ಜನ ಮೈ ಹಿಡಿದು ನಿಂತಿರುತ್ತಾರೆ,
ಅವರನ್ನು ಕಾಯಿಸು. ಕೊಳೆಯಿಸಬೇಡ.

ಇನ್ನು ಬಂದೂಕು.
ಮರದ್ದು, ಬಿಳಿ ಬಣ್ಣದ್ದು, ಗುಂಡು ಹೋಗಲು ತೂತೇ ಇಲ್ಲ.
ಸುಳ್ಳು ಬಂದೂಕು ಎಂದು ನಗುವವರಿಗೆ
ನಿಮ್ಮ ಭುಜದ ಮೂಳೆಯ ನೀಲಿ ತೋರಿಸಿ.
ಬಿಗಿ ಹಿಡಿದದ್ದು ತಿರುಗುವುದಿಲ್ಲ;
ಮಣಿಕಟ್ಟು ತಳ್ಳಬೇಕು, ಬೆರಳು ಬಿಡಬೇಕು,
ಮಿಕ್ಕಿದ್ದು ಅದರ ತೂಕಕ್ಕೆ ಗೊತ್ತು.
ತೂಕ ಒಂದೇ ಕಡೆ ಎಳೆದರೆ ಹಿಂಬದಿಗೆ ಒಂದು ಬೋಲ್ಟು, ಮೇಲೆ ಟೇಪು.
ರಾತ್ರಿ ಹಾಸಿಗೆಯ ಮೇಲೆ ನಿಂತು ಐವತ್ತು ಸಲ ಎಸೆಯಿರಿ,
ಬಿದ್ದರೆ ಹಾಸಿಗೆಗೇ ಬೀಳಲಿ,
ಕೆಳಗಿನ ಮನೆಯವರಿಗೂ ನಿದ್ದೆ ಬೇಕು.
ಹಿಡಿಯುವಾಗ ಕಣ್ಣಲ್ಲಿ ಹುಡುಕಬೇಡಿ.
ಕತ್ತಲೆ ಮನೆಯಲ್ಲಿ ದೀಪದ ಸ್ವಿಚ್ಚಿಗೆ
ಕೈ ತಾನಾಗಿ ಹೋಗುವುದಿಲ್ಲವೇ?

ಹೊನೊಲುಲುವಿನಲ್ಲಿ ತೀರ್ಪುಗಾರ ನಿಮ್ಮ ಜಾಣತನ ನೋಡುವ ಮೊದಲು
ತೋಳಿನಿಂದ ಇಣುಕುವ ದಾರ ನೋಡುತ್ತಾನೆ.
ಲೈಟರಿನಲ್ಲಿ ಸುಡಿ. ಹಲ್ಲಿನಲ್ಲಿ ಕಚ್ಚಬೇಡಿ, ಬೆನ್ನಿ, ನಿನಗೇ ಹೇಳಿದ್ದು.
ಗುಂಡಿ, ಪಟ್ಟಿಯ ಬಕಲು, ಪ್ಯಾಂಟಿನ ಹೊಲಿಗೆ
ಒಂದೇ ಗೆರೆ—

ಸದ್ದು ಕೇಳಿತು. ಪಾದಕ್ಕೆ.
ರೆನ್ಸಿಯದು.

ಬಿದ್ದದ್ದು ಒಂದು ಬಂದೂಕು.
ತಿರುಗಿದ್ದು ಹತ್ತು ಕತ್ತು.
ಒಂದಕ್ಕೆ ಅರ್ಧ ಅಂಕ ಹೋದೀತು,
ಹತ್ತಕ್ಕೆ ನಾವು ಇಲ್ಲಿಂದಲೇ ಮನೆಗೆ.
ಮುಂದೆ ನೋಡಿ. ಎಣಿಕೆ ನಿಲ್ಲಿಸಬೇಡಿ.
ರೆನ್ಸಿ, ಬಗ್ಗಬೇಡ. ಅಳು ಬಂದರೆ ಬರಲಿ, ಒರೆಸಬೇಡ.
ಐದು: ಬರಿಗೈಯಲ್ಲೇ ತಿರುಗಿಸು.
ಆರು: ಎಸೆ, ಅಷ್ಟೇ ಎತ್ತರ, ಕಡಿಮೆ ಮಾಡಬೇಡ.
ಏಳು: ಕಾಯಿ.
ಎಂಟು.

ಅಲ್ಲಿ ನೋಡಿ. ಬೇಡ, ನೀವು ನೋಡಬೇಡಿ, ನಾನು ಹೇಳುತ್ತೇನೆ.
ನಿಮ್ಮ ವಿಮಾನದ ದುಡ್ಡಿಗಾಗಿ
ಸಂಜೆಯಿಂದ ಕೆಂಡದ ಮುಂದೆ ಕೋಳಿ ತಿರುವುತ್ತಿರುವ
ಎಸ್ಕೊಲಾಸ್ಟಿಕಾ ಅತ್ತೆ
ಚಿಮಟ ಹಿಡಿದ ಕೈ ಹಾಗೇ ನಿಲ್ಲಿಸಿ
ಇಲ್ಲದ ಬಂದೂಕಿನ ಹಿಂದೆ ತಲೆಯೆತ್ತಿದಳು,
ದೀಪದ ತನಕ,
ಆಮೇಲೆ ಅದರ ಜೊತೆಗೇ ಇಳಿಸಿದಳು.

ಕೋಳಿ ಒಂದು ಸೀದಿದೆ. ಅದು ನನ್ನ ಲೆಕ್ಕಕ್ಕೆ.
ಬೂಟು ಹಾಕಿಕೊಳ್ಳಿ.
ಮೊದಲಿನಿಂದ.