ಹದಿನೈದು ಪೌಂಡಿನ ರಸೀದಿ

ಡೋರೀನ್ ಬ್ಲಾಂಚರ್ಡ್ ಮಂಗಳವಾರ ಬಂದಳು,
ಕೋಟಿನ ಒಳಜೇಬಿನಲ್ಲಿ ಒಂದು ಪೆನ್ ಡ್ರೈವ್,
ಅದಕ್ಕೆ ಸುತ್ತಿದ್ದು ಬ್ರೆಡ್ಡಿನ ಪ್ಲಾಸ್ಟಿಕ್ಕು.
"ಡಿವಿಡಿ ಮಾಡಿಕೊಡಿ, ಆರು.
ಲೌತ್‌ನಲ್ಲಿರುವ ನಮ್ಮಣ್ಣ ಇಂಟರ್ನೆಟ್ಟನ್ನು ನಂಬುವುದಿಲ್ಲ,
ತಟ್ಟೆಯನ್ನು ನಂಬುತ್ತಾನೆ.
ಒಂದೇ ತೊಂದರೆ: ಅಳಿಯ ಮಾಡಿಕೊಟ್ಟದ್ದರಲ್ಲಿ
ಅಪ್ಪ ಮಾತಾಡುತ್ತಾನೆ, ಕೇಳಿಸುವುದಿಲ್ಲ."

ಅಂಗಡಿಯ ಹಿಂದಿನ ಕೋಣೆ, ಫ್ರೀಮನ್ ಸ್ಟ್ರೀಟ್, ಗ್ರಿಮ್ಸ್‌ಬಿ.
ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ,
ಮೂಗಿಗೆ ಗೊತ್ತಾಗುತ್ತದೆ.
ಹಚ್ಚಿದೆ.
ಹಡಗುಕಟ್ಟೆಯ ಶೆಡ್ಡು,
ಮೂಲೆಯಲ್ಲಿ ತೊಂಬತ್ತೊಂಬತ್ತರ ಮಾರ್ಚ್ ಎಂದು ಹಳದಿ ಅಂಕಿ,
ಬಿಳಿ ಏಪ್ರನ್ನಿನ ಮುದುಕ, ಕೆಲಸದ ಕೊನೆಯ ದಿನ.
ಹ್ಯಾಡಕ್ ಮೀನಿನ ಬೆನ್ನಿಗೆ ಚಾಕು ಇಟ್ಟು
ಏನನ್ನೋ ವಿವರಿಸುತ್ತಾನೆ, ತೀರ ಗಂಭೀರವಾಗಿ,
ಆಮೇಲೆ ಚಾಕು ಎತ್ತಿ, ನನ್ನ ಕಡೆಗೇ ತೋರಿಸಿ, ನಗುತ್ತಾನೆ.
ತುಟಿಯಾಡುವ ಮೂಗಬಸವ.

ಈ ಊರಿನ ಇಂಗ್ಲಿಷು ನನಗೂ ಮೊದಲ ವರ್ಷ ಹೀಗೇ ಇತ್ತು.
ಬಸ್ಸಿನಲ್ಲಿ, ಬೇಕರಿಯಲ್ಲಿ ಬಾಯಿಗಳು ಕಾಣುತ್ತಿದ್ದವು,
ಮಾತು ದಡ ಮುಟ್ಟುತ್ತಿರಲಿಲ್ಲ.
ಆಗ ಅಂಟಿದ ಚಾಳಿ:
ಎದುರಿನವರ ತುಟಿಗೆ ನಾನೇ ಕನ್ನಡ ತುಂಬುವುದು.
ಮುದುಕನಿಗೂ ತುಂಬಿದೆ:
"ನೋಡವ್ವಾ, ಮುಳ್ಳು ಇಲ್ಲೇ ಇರ್ತದ,
ಚಾಕು ಅದರ ಮಾತ ಕೇಳ್ಬೇಕು."
ಚೆನ್ನಾಗಿಯೇ ಹೊಂದಿತು.
ಅದಕ್ಕೆ ಡೋರೀನ್ ದುಡ್ಡು ಕೊಡುವುದಿಲ್ಲ.

ಮೊದಲ ಸಲ ಪರಿವರ್ತಿಸಿದೆ. ಮೌನ.
ಎರಡನೆಯ ಸಲ ಬೇರೆ ಸಾಫ್ಟ್‌ವೇರು. ಮೌನವೇ, ಆದರೆ ಬೇಗ.
ಮೂರನೆಯ ಸಲ ಸ್ಪೀಕರಿನ ವೈರು ಕಳಚಿತ್ತು,
ಇದನ್ನು ಬರೆಯಬಾರದಿತ್ತು.
ಕೊನೆಗೆ ಫೈಲಿನ ಹೊಟ್ಟೆ ಬಗೆದು ನೋಡಿದರೆ
ಶಬ್ದ ಇದೆ! ಎಲ್ಲೂ ಹೋಗಿಲ್ಲ.
ಹುಡುಕುವ ಬಳ್ಳಿ ಕಾಲಿಗೇ ತೊಡರಿದೆ.
ಹಳೆಯ ಕ್ಯಾಮೆರಾ ಸೆಕೆಂಡಿಗೆ
ಮೂವತ್ತೆರಡು ಸಾವಿರ ಸಲ ಕಿವಿಗೊಟ್ಟಿದೆ,
ತಟ್ಟೆಗೆ ನಲವತ್ತೆಂಟು ಸಾವಿರವೇ ಆಗಬೇಕು.
ಲೆಕ್ಕ ಕೂಡಲಿಲ್ಲವೆಂದು ನಡುವಿನ ದಲ್ಲಾಳಿ
ಒಂದು ಮಾತೂ ಹೇಳದೆ
ಚಿತ್ರವನ್ನು ಒಳಗೆ ಬಿಟ್ಟು ದನಿಯನ್ನು ಬಾಗಿಲಲ್ಲೇ ನಿಲ್ಲಿಸಿದೆ,
ಪಾಸ್‌ಪೋರ್ಟಿನ ಸಾಲಿನಲ್ಲಿ
ಗಂಡನನ್ನು ಬಿಟ್ಟು ಹೆಂಡತಿಯನ್ನು ತಡೆದ ಹಾಗೆ.

ಬಿಡಿಸಿದೆ. ಚಿತ್ರ ಒಂದು ಕಡೆ, ದನಿ ಒಂದು ಕಡೆ.
ದನಿಗೆ ನಲವತ್ತೆಂಟರ ಅಳತೆಯ ಅಂಗಿ ಹೊಲಿದು
ಮತ್ತೆ ಜೋಡಿಸಿ, ತುಟಿಗೆ ಮಾತು ಕೂರುವತನಕ
ಹಿಂದೆ ಸರಿಸಿದೆ, ಮುಂದೆ ಸರಿಸಿದೆ.
ಮಾತು ಬಂತು.
ಜೊತೆಗೆ ಕಸವೂ ಬಂತು:
ಕಡಲಕ್ಕಿಗಳ ಜಗಳ, ಟ್ರಾಲಿಯ ಗಾಲಿಯ ಕಿರುಚಾಟ,
ಮತ್ತೆ, ಮೈಕಿಗೆ ತೀರ ಹತ್ತಿರ,
ಸಣ್ಣ ಶಿಳ್ಳೆಯಂತೆ ಎಳೆದೆಳೆದು ಏನೋ.
ಕಸ ಕಂಡರೆ ಕೈ ಸುಮ್ಮನಿರದವಳು ನಾನು.
ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಒಂದೊಂದನ್ನೇ ಆರಿಸಿ ತೆಗೆದೆ.
ಮುದುಕನ ದನಿ ಬೆಳಗಿದ ಪಾತ್ರೆಯಾಯಿತು.
ಅವನು ಹೇಳುತ್ತಿದ್ದದ್ದು ಮುಳ್ಳಿನ ವಿಚಾರವಲ್ಲ. ಫುಟ್‌ಬಾಲು.

ಶುಕ್ರವಾರ ಡೋರೀನ್ ಹೆಡ್‌ಫೋನ್ ಹಾಕಿ ಕೂತಳು.
ಅಪ್ಪನ ಮಾತಿಗೆ ನಕ್ಕಳು.
ಹಿಂದಕ್ಕೆ ಹೋಗಿ, ಎಂದಳು. ಇನ್ನೊಮ್ಮೆ.
"ಟೇಪಿನಲ್ಲಿ ಇಲ್ಲೊಂದು ಉಬ್ಬಸ ಇತ್ತಲ್ಲ, ಎಲ್ಲಿ?"
ನಾನು ಪರದೆ ನೋಡುತ್ತಿದ್ದೆ.
"ಕ್ಯಾಮೆರಾ ಹಿಡಿದದ್ದು ಅಮ್ಮ.
ಯಾವ ಫೋಟೋದಲ್ಲೂ ನಿಲ್ಲುತ್ತಿರಲಿಲ್ಲ.
ಶೆಡ್ಡಿನ ಥಂಡಿಗೆ ಎದೆ ಹಾಗೆ ಕುಯ್‌ಗುಡುತ್ತಿತ್ತು.
ಅಪ್ಪ ಚಾಕು ತೋರಿಸಿ ನಗುವುದು ಅವಳಿಗೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ಆಡದೆ ಬಿಟ್ಟ ಉಸಿರಿಗೆ ಗಾದೆ ಇದ್ದರೆ
ನನಗೆ ಯಾರೂ ಹೇಳಿಕೊಟ್ಟಿಲ್ಲ.

ಮೂಲ ಫೈಲು ಅಳಿಸಿರಲಿಲ್ಲ, ಪುಣ್ಯ.
ಆ ರಾತ್ರಿ ಕಲ್ಲುಗಳನ್ನೆಲ್ಲ ಅಕ್ಕಿಗೆ ವಾಪಸು ಸುರಿದೆ,
ಆರು ತಟ್ಟೆ ಬರೆದೆ, ಆರಕ್ಕೂ ಕಿವಿಯಿಟ್ಟೆ.

ರಸೀದಿಯಲ್ಲಿ ಮೊದಲು ಬರೆದದ್ದು:
ಶಬ್ದ ಸರಿಪಡಿಸಿದ್ದಕ್ಕೆ, ಹದಿನೈದು ಪೌಂಡು.
ಹೊಡೆದುಹಾಕಿ ಕೆಳಗೆ ಬರೆದೆ:
ಸರಿಪಡಿಸಿ, ಮತ್ತೆ ಕೆಡಿಸಿದ್ದಕ್ಕೆ. ಮೊತ್ತ ಅದೇ.

ಎಣಿಸಿ ಕೊಟ್ಟಳು, ಒಂದು ಪೆನ್ನಿ ಹೆಚ್ಚಿಲ್ಲ.
ಮುಂದಿನ ವಾರ ಬಂದು ಮೇಜಿನ ಮೇಲೆ ಇಟ್ಟಳು
ಬ್ರೆಡ್ಡಿನ ಪ್ಲಾಸ್ಟಿಕ್ಕಿನಲ್ಲೇ ಸುತ್ತಿದ
ಹೊಗೆಯಾಡಿಸಿದ ಹ್ಯಾಡಕ್, ಎರಡು ತುಂಡು.
ನಾನು ಮೀನು ತಿನ್ನುವುದಿಲ್ಲ.
ಇಸಕೊಂಡೆ.