ಮೂವತ್ತನೆಯ ಮಣಿ

ನಮ್ಮೂರಲ್ಲಿ ಹೆಸರು ಬರೆಯುತ್ತಿರಲಿಲ್ಲ, ಕೊರೆಯುತ್ತಿದ್ದರು.
ಪೋವ್ವ ದ ವರ್ಜಿಂ, ಅಟ್ಲಾಂಟಿಕ್ಕಿನ ದಂಡೆ.
ದೋಣಿಯ ಮೂತಿಗೆ, ಬಲೆಯ ಬೆಂಡಿಗೆ, ಊಟದ ಮೇಜಿನ ಕಾಲಿಗೆ,
ಕಡೆಗೆ ಗೋರಿಗೂ
ಮನೆತನದ ಒಂದು ಗುರುತು.
ನಮ್ಮದು ನಿಂತ ಗೀಟು, ಬುಡದಲ್ಲೊಂದು ಕೊಕ್ಕೆ.
ಹಿರಿಮಗ ಅದರ ಪಕ್ಕಕ್ಕೆ ಒಂದು ಕಚ್ಚು ಸೇರಿಸಬೇಕು,
ಎರಡನೆಯವನು ಎರಡು;
ಕಡೆಯ ಮಗನಿಗೆ ಮಾತ್ರ
ಅಪ್ಪನ ಗುರುತು ಇದ್ದ ಹಾಗೇ.

ನನ್ನಪ್ಪ ಕುಸ್ಟೋಡಿಯೊ ಕಡೆಯ ಮಗ.
ಗುರುತು ಬಂತು. ಜೊತೆಗೆ ಇನ್ನೊಂದೂ ಬಂತು,
ಯಾವ ಬೆಂಡಿನ ಮೇಲೂ ಕೊರೆಯದ್ದು.

ಸಂತ ಪೇದ್ರುವಿನ ಹಬ್ಬದ ರಾತ್ರಿ, ಬೀದಿಯಲ್ಲಿ ಬೆಂಕಿ,
ಸಾರ್ಡೀನು ಸುಡುವ ಹೊಗೆ.
ಅಪ್ಪ ಕೆಂಡದ ಮೇಲೆ ನಿಂತು
ಯಾರೊಡನೆಯೋ ಬಲೆಯ ದರ ಮಾತಾಡುತ್ತಿದ್ದ.
ಚಪ್ಪಲಿ ಕರಗುವ ವಾಸನೆ ಮೊದಲು ಹಿಡಿದವಳು ಅತ್ತೆ ಫಿರ್ಮಿನಾ.
ಅವನು ಕೆಳಗೆ ನೋಡಿದ,
ಬೇರೆಯವರ ಕಾಲು ನೋಡುವ ಹಾಗೆ.
ಊರು ಇದಕ್ಕೆ ಮುದ್ದಾಗಿ ಹೆಸರಿಟ್ಟಿತ್ತು: ಪುಟ್ಟಪಾದದ ಕಾಯಿಲೆ.
ಮುದ್ದು ಮಾಡಿದರೆ ಸುಮ್ಮನಿದ್ದೀತು ಅಂತಲೋ ಏನೋ.

ಈಗ ಪೋರ್ಟೊದಲ್ಲಿ, ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಎರಡಾಳೆತ್ತರದ ಸೂಕ್ಷ್ಮದರ್ಶಕ; ನಾನು ಅದರ ಆಳು.
ಅತ್ತೆ ಸಾಯುವ ಮುಂಚೆ ರುಜು ಹಾಕಿ ಕೊಟ್ಟದ್ದು
ತನ್ನ ಹೃದಯದ ಒಂದು ಚೂರು.
ಅದರಿಂದ ತೆಗೆದ ಹನಿಯನ್ನು
ಉದ್ದಿನ ಕಾಳಗಲದ ಜಾಲರಿಯ ಮೇಲೆ ಬಿಟ್ಟು, ಒತ್ತುಕಾಗದದಿಂದ ಒರೆಸಿ,
ಕಡುತಣ್ಣನೆಯ ಈಥೇನಿಗೆ ಮುಳುಗಿಸುತ್ತೇನೆ.
ನೀರಿಗೆ ಹರಳುಗಟ್ಟಲೂ ಪುರುಸೊತ್ತಿಲ್ಲ,
ಗಾಜಾಗಿ ನಿಂತುಬಿಡುತ್ತದೆ.

ಪರದೆಯ ಮೇಲೆ ಬೂದು. ಬೂದಿನೊಳಗೆ ಬೂದು.
ಸಾವಿರಾರು ಚಿತ್ರ ಒಂದರ ಮೇಲೊಂದು ಪೇರಿಸಿದ ಮೇಲೆ
ಮೆಲ್ಲಗೆ ಒಂದು ಹಗ್ಗ.
ಹುರಿ ಬಿಗಿದ, ಒಂದೇ ಮಟ್ಟದ ಹಗ್ಗ.
ನಮ್ಮ ಓಣಿಯ ಯಾವ ಹೆಂಗಸೂ ಇಷ್ಟು ಚೊಕ್ಕ ಹೊಸೆಯಲಾರಳು.
ಎಷ್ಟು ಚೆಂದ, ಎಂದೆ, ಬಾಯಿಬಿಟ್ಟು.
ಆಮೇಲೆ ಇದು ಯಾರ ಎದೆಯೆಂದು ನೆನಪಾಗಿ
ಕೈಗವಸು ಬಿಚ್ಚಿದೆ. ಮತ್ತೆ ಹಾಕಿಕೊಂಡೆ.

ಹುಟ್ಟುವಾಗ ಅದಕ್ಕೆ ಹಗ್ಗವಾಗುವ ಯೋಚನೆಯೇ ಇರಲಿಲ್ಲ.
ಲಿವರಿನಲ್ಲಿ ಪೋಣಿಸಿದ ನೂರಿಪ್ಪತ್ತೇಳು ಮಣಿಯ ಸರ,
ತನಗೆ ತಾನೇ ಮಡಚಿಕೊಂಡು,
ನಾಲ್ಕು ಸೇರಿ ಹೆಗಲಿಗೆ ಹೆಗಲು ಕೊಟ್ಟು
ರಕ್ತದಲ್ಲಿ ಹೊರೆ ಹೊರುವ ಹಮಾಲಿ.
ಮೂವತ್ತನೆಯ ಮಣಿ ಬೇರೆಯದಾದರೆ ಸಾಕು,
ಒಂದೇ ಒಂದು ಕಾಗುಣಿತದ ತಪ್ಪು,
ನಾಲ್ವರ ಹಿಡಿತ ಸಡಿಲ.
ಕೈಬಿಟ್ಟವನು ಒಂಟಿಯಾಗಿ ಮಡಿಕೆ ಬಿಚ್ಚಿ
ಕೈಬಿಟ್ಟ ಇನ್ನೊಬ್ಬನನ್ನು ತಬ್ಬುತ್ತಾನೆ,
ಅವನು ಮತ್ತೊಬ್ಬನನ್ನು.
ನರದ ಸುತ್ತ, ಎದೆಯ ಗೋಡೆಯೊಳಗೆ. ಮೊದಲು ಪಾದದಲ್ಲಿ.

ಹೊಸೆದದ್ದನ್ನು ಬಿಚ್ಚುವುದು ಇನ್ನೂ ನಮ್ಮ ಕೈಗೆ ಬಂದಿಲ್ಲ,
ಬೆಣೆ ಹೊಡೆಯುವುದು ಬಂದಿದೆ.
ನಾಲ್ವರ ನಡುವೆ ಎರಡು ಸಂದು,
ಥೈರಾಯ್ಡಿನ ಹಾರ್ಮೋನಿಗೆಂದು ಕಾದಿಟ್ಟ ಜಾಗ, ಬಹುಪಾಲು ಖಾಲಿ.
ಮಾತ್ರೆಯೊಳಗಿನ ಪುಟ್ಟ ಅಣು ಅಲ್ಲಿಗಿಳಿದು ಕೂರುತ್ತದೆ.
ಏನನ್ನೂ ಕೊಲ್ಲುವುದಿಲ್ಲ. ಬಿಡಬೇಡಿ, ಹಿಡಕೊಂಡಿರಿ
ಅನ್ನುತ್ತದೆ, ಅಷ್ಟೆ.
ಎಲ್ಲರಿಗೂ ಕೂರುವುದಿಲ್ಲ ಬೆಣೆ.
ಮೂಲೆಮನೆಯ ಗ್ರಾಸಿಂದಾಳಿಗೆ ಕೂರಲಿಲ್ಲ.
ಇದೇ ತಪ್ಪು ಸ್ವೀಡನ್ನಿನ ಉತ್ತರದಲ್ಲಿ
ಎಷ್ಟೋ ಮೈಗಳಲ್ಲಿ ಅರವತ್ತರವರೆಗೂ ಮಲಗಿರುತ್ತದೆ;
ನಮ್ಮ ದಂಡೆಯಲ್ಲಿ ಮೂವತ್ತಕ್ಕೇ ಯಾಕೆ ಏಳುತ್ತದೆಂದು
ಯಂತ್ರಕ್ಕೂ ಗೊತ್ತಿಲ್ಲ, ಅದರ ಆಳಿಗೂ.

ಗುರುತಿಗಾದರೂ ನಿಯಮ ಇತ್ತು.
ಇದು ಚಿಮ್ಮಿದ ನಾಣ್ಯ: ನನಗೆ ಬರಲಿಲ್ಲ,
ತಮ್ಮ ಜೆಫೆರಿನೊಗೆ ಬಂತು. ಕಡೆಯವನು; ಗುರುತೂ ಅವನದೇ.
ಫಲಿತಾಂಶದ ದಿನ ಕಾಫಿ ಮಾಡಿ ನನಗೆ ಕುಡಿಸಿದವನು ಅವನು.

ಒಮ್ಮೆ ಕರೆತಂದು ಹಗ್ಗ ತೋರಿಸಿದೆ.
ಮೂಗು ತಾಗುವಷ್ಟು ಬಗ್ಗಿ ನೋಡಿ,
'ಎಷ್ಟು ಕಿಲೋ ತಡಕೊಳ್ಳುತ್ತೆ?' ಅಂದ.
ಉತ್ತರ ಗೊತ್ತಿತ್ತು. ಹೇಳಲಿಲ್ಲ.

ಈಗ ಅವನಿಗೆ ಮೂವತ್ತಮೂರು.
ಬೆಳಿಗ್ಗೆ ಮಾತ್ರೆ ನುಂಗಿ ದಂಡೆಗಿಳಿದು
ಬರಿಗಾಲಲ್ಲಿ ಅಲೆಗೆ ನಿಂತು ಫೋನು ಮಾಡುತ್ತಾನೆ:
'ಹಾಳು ನೀರು, ಅಕ್ಕ, ಸೂಜಿ ಚುಚ್ಚಿದ ಹಾಗೆ,
ಕಿರುಬೆರಳಂತೂ ಕಿತ್ತು ಬರ್ತಿದೆ.'
ಸಮುದ್ರಕ್ಕೆ, ಚಳಿಗೆ, ಡಿಸೆಂಬರಿಗೆ
ಒಂದೊಂದಾಗಿ ಬೈಗುಳ.

ಬೈಯಲಿ.
ನಾನು ಇಡುವುದಿಲ್ಲ ಫೋನು.