ಲೈ, ಲೇ

ಫೆನಿಕ್ ಮೇಡಂಗೆ ಎಂಬತ್ತೆರಡು.
ಡರಮ್ ಸೀಮೆಯ ಕಲ್ಲಿದ್ದಲ ಗಣಿ ಮುಚ್ಚಿದ ಮೇಲೂ ಹತ್ತು ವರ್ಷ
ಗಣಿಯವರ ಮಕ್ಕಳಿಗೆ ವ್ಯಾಕರಣ ಹೇಳಿದವರು.
ಈಗಲೂ ಬೇಕರಿಯ ಬೋರ್ಡಿನ ತಪ್ಪು ಚಿಹ್ನೆಯನ್ನು
ಕೊಡೆಯ ತುದಿಯಿಂದ ತಿವಿದು ತೋರಿಸುತ್ತಾರೆ.

ಪಕ್ಕದ ಮನೆ ಕಥ್‌ಬರ್ಟ್ ಹೆಸ್ಲಪ್.
ಇಟ್ಟಿಗೆ ಕೆಲಸದವ, ಈ ಬೀದಿಯ ಅರ್ಧ ಗೋಡೆ ಅವನ ಕೈಯದು.
ಮಧ್ಯಾಹ್ನ ಉಂಡು, ತಟ್ಟೆ ತೊಳೆದು,
ಹಿತ್ತಲ ಗೋಡೆಯ ಆಚೆಯಿಂದ ಕೂಗುವನು:
'ಸ್ವಲ್ಪ ಹೊತ್ತು ಲೇ ಆಗ್ತೀನಿ, ಈಡಿತ್.'

'ಲೈ,' ಎನ್ನುವರು ಇವರು,
ಬಟ್ಟೆಯ ಕ್ಲಿಪ್ಪು ಹಲ್ಲಲ್ಲಿ ಕಚ್ಚಿಕೊಂಡೇ.
'ಲೇ ಮಾಡೋದು ಕೋಳಿ. ಏನಿಡ್ತೀಯ ನೀನು, ಮೊಟ್ಟೆಯಾ?'
'ಲೈ ಅಂದ್ರೆ ಸುಳ್ಳು. ನಾನು ಸುಳ್ಳಾಡೋನಲ್ಲ.
ಐವತ್ತು ವರ್ಷ ಇಟ್ಟಿಗೆ ಲೇ ಮಾಡಿದೆ,
ಈಗ ನನ್ನನ್ನೂ ಒಂದು ಅಂತ ಇಟ್ಕೋತೀನಿ, ಬಿಡು.'

ಅವರ ಅಟ್ಟದ ಕೋಣೆಯಲ್ಲಿ ಬಾಡಿಗೆಗಿದ್ದೆ ನಾನು.
ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ಹಗಲು ಅರೆನಿದ್ದೆ.
ಕಿಟಕಿಯ ಕೆಳಗಿನ ಈ ಜಗಳಕ್ಕೆ ನಗು ಬರುವುದು.
ನಮ್ಮಲ್ಲಿ ಇದೆಲ್ಲ ಒಂದು ಬಾಲದ ಮಾತು:
ಮಲಗು ಎಂಬುದಕ್ಕೆ 'ಇಸು' ಅಂಟಿಸಿದರೆ
ಕೋಣೆಯಲ್ಲಿ ಒಬ್ಬರಿದ್ದದ್ದು ಇಬ್ಬರಾಗುತ್ತಾರೆ.
ಇನ್ನು 'ಲೇ' ಅಂದರಂತೂ ಬರಿಯ ಸಲುಗೆ,
ಎಲ್ಲಿದ್ದವನೂ ತಿರುಗಿ ನೋಡಬೇಕು.
ಗೋಡೆಯಾಚೆಯಿಂದ ಮುದುಕ ಮುದುಕಿಯನ್ನು
ದಿನಾ ಹಾಗೆ ಕರೆಯುವನೆಂದೇ ನನ್ನ ಕಿವಿಗೆ.

ಒಂದು ಭಾನುವಾರ ಅಡುಗೆಮನೆಯ ಮೇಜಿನ ಮೇಲೆ,
ಬಟಾಣಿಯ ಸಿಪ್ಪೆ ಸರಿಸಿ, ಪಾಠ ಮಾಡಿದರು ನನಗೆ.
ಇವತ್ತು ಲೈ, ನಿನ್ನೆ ಲೇ.
ಇವತ್ತು ಲೇ, ನಿನ್ನೆ ಲೇಡ್.
ಅಂದರೆ, ತಾನಾಗಿ ಮಲಗಿದವನು
ಒಂದು ರಾತ್ರಿ ಕಳೆದರೆ ಸಾಕು,
ಮಲಗಿಸುವವರ ಅಂಗಿ ತೊಟ್ಟು ಕೂತಿರುತ್ತಾನೆ.
'ಇದು ಮಾತ್ರ ಭಾಷೆಯದೇ ತಪ್ಪು' ಎಂದರು.
ಅವರು ಇಂಗ್ಲಿಷನ್ನು ಬಿಟ್ಟುಕೊಟ್ಟದ್ದು ಅದೊಂದೇ ಸಲ.

ಆಮೇಲೆ, ಕೇಳದೆಯೇ, ಅಮ್ಮನ ಮಾತು ತೆಗೆದರು.
ಬೀದಿಯಲ್ಲಿ ಯಾರು ಹೋದರೂ ಅವಳಿಗೆ ಕರೆ.
ಬಾಗಿಲ ಹಿಂದೆ ಅದಕ್ಕೆಂದೇ ಒಂದು ಹಲಗೆ.
ಮಸಿ ತೊಳೆದು, ದವಡೆಗೆ ಬಟ್ಟೆ ಕಟ್ಟಿ,
ರೆಪ್ಪೆಯ ಮೇಲೆ ಎರಡು ಪೆನ್ನಿ.
ಬಿಸಿನೀರಿನ ಬೋಗುಣಿ ಹಿಡಿದು ನಿಂತವಳು
ಎಂಟು ವರ್ಷದ ಈಡಿತ್.
ಅಮ್ಮ ಹೇಳುತ್ತಿದ್ದಳಂತೆ:
ಬದುಕಿದ್ದವರು ಮಲಗುತ್ತಾರೆ ಕಣೇ,
ಸತ್ತವರನ್ನು ಯಾರಾದರೂ ಮಲಗಿಸಬೇಕು.

ಫೆಬ್ರವರಿಯಲ್ಲಿ ಮೂರು ದಿನ ಕೂಗು ಕೇಳಲಿಲ್ಲ.
ಇಲ್ಲ, ಸುಳ್ಳು. ಒಂದೇ ದಿನ.
ಮೂರು ದಿನ ಅನ್ನಿಸಿದ್ದು ನನ್ನ ನಿದ್ದೆಗೆ.
ಕೊಡೆಯ ತುದಿ ನನ್ನ ಕೋಣೆಯ ನೆಲವನ್ನು ಕೆಳಗಿನಿಂದ ಕುಟ್ಟಿತು.
ಬೀಗದ ಕೈ ಅವರ ಏಪ್ರನ್ನಿನ ಜೇಬಿನಲ್ಲೇ ಇತ್ತು, ಎಂದಿನಿಂದಲೋ.

ಸೋಫಾ. ಒಂದು ಬೂಟು ಬಿಚ್ಚಿದೆ, ಒಂದು ಬಿಚ್ಚಿಲ್ಲ.
ನಾಡಿ ನೋಡಿದೆ, ನೋಡಬೇಕೆಂದು.
ಅವರು ಫೋನು ತಿರುಗಿಸಿದರು.
ಆ ಕಡೆ ಹುಡುಗನ ದನಿ, ಎಳೆಯದು, ಅವಸರದ್ದು,
ಹೆಸರು ಕೇಳಿತು, ಮನೆ ನಂಬರು ಕೇಳಿತು,
ಉಸಿರಿದೆಯಾ ಕೇಳಿತು.
'ಎಲ್ಲಿ ಲೇ ಆಗಿದ್ದಾರೆ, ಮೇಡಂ? ನೆಲದ ಮೇಲಾ?'

ಅವರ ಮುಖ ನೋಡಿದೆ.
ಅರವತ್ತು ವರ್ಷ ಒಂದು ಸಲವೂ ಬಿಡದ ನಾಲಿಗೆ.

'ಸೋಫಾದ ಮೇಲೆ' ಎಂದರು.
ಸ್ವಲ್ಪ ತಡೆದು, ನನಗೆ ಕೇಳುವ ಹಾಗೆ:
'ಲೇ.'

ಅವನು ತಿರುಗಲಿಲ್ಲ.

ಫೋನಿಟ್ಟು, ಮಂಡಿಯೂರಿ, ಇನ್ನೊಂದು ಬೂಟಿನ
ಗಂಟು ಬಿಡಿಸಿದರು. ಕಗ್ಗಂಟು, ಹಲ್ಲು ಹಾಕಬೇಕಾಯಿತು.
ಜೋತುಬಿದ್ದ ಎಡಗೈಯನ್ನೆತ್ತಿ ಎದೆಯ ಮೇಲಿಟ್ಟರು.
ಉಗುರಿನ ಸಂದಿಯಲ್ಲಿ ಎಂದಿನದೋ ಸಿಮೆಂಟು.
ಕೈ ಜಾರಿತು.
ಮತ್ತೆ ಇಟ್ಟರು.